ಪುಸ್ತಕಕ್ಕೆ ಬಿಸಿಲು ತೋರಿಸುವ ದಾರಿ

ಅನಿರುದ್ಧನ ಎದುರು ದಾರಿಯ ಮಾತು ಎತ್ತಬಾರದು ಎಂಬುದು ಟೆಕ್ಸಾಸ್‌ನಲ್ಲಿದ್ದ ಅವನ ನೆಂಟರಿಷ್ಟರಿಗೆಲ್ಲ ಗೊತ್ತಿದ್ದ ಸಂಗತಿ. ಎತ್ತಿದರೆ ಮುಗಿಯಿತು. ಡ್ಯಾಲಸ್‌ನಿಂದ ಹ್ಯೂಸ್ಟನ್‌ಗೆ ಎಷ್ಟು ಹೊತ್ತಿಗೆ ಹೊರಡಬೇಕು, ಯಾವ ಎಕ್ಸಿಟ್‌ನಲ್ಲಿ ಇಳಿದು ಯಾವ ಸರ್ವಿಸ್ ರೋಡ್ ಹಿಡಿದರೆ ನಾಲ್ಕು ನಿಮಿಷ ಉಳಿಯುತ್ತದೆ, ಎಡಕ್ಕೆ ತಿರುಗುವುದಕ್ಕಿಂತ ಮೂರು ಸಲ ಬಲಕ್ಕೆ ತಿರುಗುವುದು ಏಕೆ ಮೇಲು, ಎಲ್ಲವನ್ನೂ ಅವನು ಬಾಳೆಎಲೆಯ ಮುಂದೆ ಕೂತವರಿಗೂ ಬಿಡದೆ ವಿವರಿಸುತ್ತಿದ್ದ. ಹಾಗೆ ಉಳಿಸಿದ ನಾಲ್ಕು ನಿಮಿಷಗಳನ್ನು ಏನು ಮಾಡುತ್ತೀಯಪ್ಪಾ ಎಂದು ಮಾತ್ರ ಯಾರೂ ಕೇಳಿರಲಿಲ್ಲ. ಕೇಳಿದ್ದರೆ ಅದನ್ನು ವಿವರಿಸುವುದಕ್ಕೇ ಅವು ಖರ್ಚಾಗಿಬಿಡುತ್ತಿದ್ದವು.

ಅವನ ಕೆಲಸವೂ ಅದೇ. ಮನೆಮನೆಗೆ ಪಾರ್ಸೆಲ್ ಹಂಚುವ ಕಂಪನಿಯೊಂದರ ಡ್ಯಾಲಸ್ ಆಫೀಸಿನಲ್ಲಿ ಕೂತು, ಯಾವ ವ್ಯಾನು ಯಾವ ಬೀದಿ ಮುಗಿಸಿ ಯಾವ ಬೀದಿಗೆ ಹೋಗಬೇಕು ಎಂದು ತೀರ್ಮಾನಿಸುವ ಪ್ರೋಗ್ರಾಂ ಬರೆಯುವುದು. ಮನೆ ಯೂಲೆಸ್‌ನಲ್ಲಿ, ಏರ್‌ಪೋರ್ಟ್‌ನ ಮಗ್ಗುಲಲ್ಲೇ. ತಲೆಯ ಮೇಲೆ ವಿಮಾನ ಹೋಗುವಾಗ ಮಾತು ನಿಲ್ಲಿಸಿ, ಅದು ದಾಟಿದ ಮೇಲೆ ನಿಲ್ಲಿಸಿದಲ್ಲಿಂದಲೇ ಮುಂದುವರಿಸುವುದು ಅಲ್ಲಿಯವರಿಗೆಲ್ಲ ರೂಢಿಯಾಗಿತ್ತು.

ಇಂಥ ಗಂಡನಿಗೆ ದೇವರು ಎಂಥ ಹೆಂಡತಿಯನ್ನು ಕೊಟ್ಟಿದ್ದ ನೋಡಿ. ಅಪೇಕ್ಷಾ ಧಾರವಾಡದ ಚನ್ನಬಸಪ್ಪ ಮಾಸ್ತರರ ಮಗಳು. ಆಸ್ಟಿನ್‌ನ ಯೂನಿವರ್ಸಿಟಿಯಲ್ಲಿ ಪಿಎಚ್‌ಡಿ ಮಾಡುತ್ತಿದ್ದಳು. ವಿಷಯ, ಕೊರಿಯಾ ದೇಶದ ಹಳೆಯ ಕಾಲದ ರಸ್ತೆಗಳು. ಮೋಟಾರು, ರೈಲು ಏನೂ ಇಲ್ಲದ ಕಾಲದಲ್ಲಿ ಈಗ ಸೋಲ್ ಎಂದು ಕರೆಯುವ ರಾಜಧಾನಿಯಿಂದ ಹತ್ತು ಹೆದ್ದಾರಿಗಳು ನಾಲ್ಕು ದಿಕ್ಕಿಗೂ ಹೋಗುತ್ತಿದ್ದವು. ಹನ್ನೆರಡು ಕಿಲೋಮೀಟರಿಗೋ ಏನೋ ಒಂದು ಠಾಣೆ, ಠಾಣೆಯಲ್ಲಿ ಕುದುರೆ ಬದಲಿಸುವ ಏರ್ಪಾಡು. ಸರ್ಕಾರದ ಕೆಲಸಕ್ಕೆ ಹೊರಟವನ ಕೈಯಲ್ಲಿ ಕುದುರೆಯ ಚಿತ್ರ ಕೊರೆದ ಹಿತ್ತಾಳೆಯ ಬಿಲ್ಲೆ. ಬಿಲ್ಲೆಯಲ್ಲಿ ಎಷ್ಟು ಕುದುರೆಯೋ ಠಾಣೆಯವನು ಅಷ್ಟು ಕುದುರೆ ಕೊಡಬೇಕು. “ಕೊರಿಯಾ ರಸ್ತೆ ಓದಿ ಏನಮ್ಮಾ ಮಾಡ್ತೀಯಾ?” ಎಂದು ಕನ್ನಡ ಸಂಘದ ಆಂಟಿಯರು ಕೇಳಿ ಕೇಳಿ ಸಾಕಾಗಿ ಬಿಟ್ಟಿದ್ದರು. ಅನಿರುದ್ಧ ಕೇಳಿರಲಿಲ್ಲ. ಕೇಳದೆ ಇರುವುದನ್ನೇ ಅವನು ತನ್ನ ದೊಡ್ಡ ಗುಣವೆಂದು ತಿಳಿದಿದ್ದ.

ಮೂರು ವರ್ಷದಿಂದ ಪ್ರತಿ ಶುಕ್ರವಾರ ಅವನು ಯೂಲೆಸ್‌ನಿಂದ ಆಸ್ಟಿನ್‌ಗೆ ಡ್ರೈವ್ ಮಾಡುತ್ತಿದ್ದ. ಇನ್ನೂರು ಮೈಲಿ, ವೇಕೋ ದಾಟಿ, ಎಂದೂ ರಿಪೇರಿ ಮುಗಿಯದ ಐ-ಥರ್ಟಿಫೈವ್ ಹೆದ್ದಾರಿಯ ಮೇಲೆ. ಶನಿವಾರ ಇಬ್ಬರೂ ಎಲ್ಲಾದರೂ ತಿರುಗಲು ಹೋದರೆ ಅವಳು ಕಾರಿನಲ್ಲಿ ತನ್ನ ರಸ್ತೆಗಳ ಕತೆ ಹೇಳುವಳು. ಅವನು ಹೂಂ ಅನ್ನುವನು, ಹೌದಾ ಅನ್ನುವನು, ಲೇನ್ ಬದಲಿಸುವನು. ಹೂಂ ಎಂದವನು ಕೇಳಿಸಿಕೊಂಡಿದ್ದಾನೆ ಎಂದು ನಂಬುವುದು ಹೆಂಡಂದಿರ ದೌರ್ಬಲ್ಯ. ಅಪೇಕ್ಷಾ ಜಾಣೆ, ಆದರೂ ನಂಬಿದ್ದಳು.

ಆ ವರ್ಷ ಮಾರ್ಚ್ ತಿಂಗಳ ಒಂದು ಶನಿವಾರ ಹ್ಯೂಸ್ಟನ್‌ನ ಲೈಬ್ರರಿಯೊಂದರ ಸಭಾಂಗಣದಲ್ಲಿ ಅವಳ ಭಾಷಣವಿತ್ತು. ಅವಳ ಮೇಲ್ವಿಚಾರಕಿ ಪ್ರೊಫೆಸರ್ ಯೂನ್ ಅಂದು ಅಲ್ಲಿಗೆ ಬರುವವರಿದ್ದರು. ಸಂಶೋಧನೆಯ ಕೊನೆಯ ಅಧ್ಯಾಯ ಅವರಿಗೆ ಇನ್ನೂ ಒಪ್ಪಿಗೆಯಾಗಿರಲಿಲ್ಲ. “ಎಲ್ಲರ ಮುಂದೆ ನಿಂತು ಹೇಳು, ಅಲ್ಲಿ ನಿನ್ನ ವಾದ ನಿಂತರೆ ನಿಂತಿತು” ಎಂದಿದ್ದರು. ಒಪ್ಪಿದರೆ ಮೇ ತಿಂಗಳಿಗೆ ಪದವಿ, ಆಮೇಲೆ ಅಪೇಕ್ಷಾ ಯೂಲೆಸ್‌ಗೆ ಶಿಫ್ಟ್ ಆಗುವುದು. ಒಪ್ಪದಿದ್ದರೆ ಮತ್ತೊಂದು ವರ್ಷ ಅವಳು ಅಲ್ಲಿ, ಇವನು ಇಲ್ಲಿ.

ಮೇ ತಿಂಗಳ ಆಸೆ ಅನಿರುದ್ಧನಿಗೆ ಅವಳಿಗಿಂತ ಒಂದು ಕೈ ಹೆಚ್ಚೇ ಇತ್ತು. ಆದ್ದರಿಂದಲೇ ಭಾಷಣಕ್ಕೆ ಬೇಕಾದ ನಕ್ಷೆಯನ್ನು ತಾನು ಮಾಡಿಕೊಡುತ್ತೇನೆ ಎಂದು ಮುಂದೆ ಬಂದ. ಕ್ರಿಸ್‌ಮಸ್ ರಜೆಯಲ್ಲಿ ಅಪೇಕ್ಷಾ ಯೂಲೆಸ್‌ನ ಮನೆಯ ಕಂಪ್ಯೂಟರಿನ ಮುಂದೆ ಮೂರು ವಾರ ಕೂತು, ತನ್ನ ನೋಟ್‌ಬುಕ್ ನೋಡಿಕೊಂಡು ಹತ್ತೂ ದಾರಿಗಳ ಠಾಣೆಗಳನ್ನು ಒಂದೊಂದಾಗಿ ಟೈಪ್ ಮಾಡಿದ್ದಳು. ಅವನು ಅದರ ಮೇಲೆ ತನ್ನ ಪ್ರೋಗ್ರಾಂ ಓಡಿಸಿದ. ಓಡಿಸುವ ಮುಂಚೆ, ಆಫೀಸಿನಲ್ಲಿ ದಿನವೂ ಮಾಡುವ ಹಾಗೆ, ಡೇಟಾ ಕ್ಲೀನ್ ಮಾಡಿದ. ಪಾರ್ಸೆಲ್ ಲೋಕದಲ್ಲಿ ಒಂದು ನಿಯಮವಿದೆ. ಕೊನೆಯಲ್ಲಿ ಮನೆಯೇ ಇಲ್ಲದ ದಾರಿ ಎಂದರೆ ಯಾರೋ ವಿಳಾಸ ತಪ್ಪಾಗಿ ಬರೆದಿದ್ದಾರೆ ಎಂದೇ ಅರ್ಥ. ಅಂಥದ್ದನ್ನು ಪ್ರೋಗ್ರಾಂ ತಾನಾಗಿ ತೆಗೆದುಹಾಕುತ್ತದೆ. ಹತ್ತು ದಾರಿಗಳಲ್ಲಿ ಒಂದರ ಕೊನೆಯ ಠಾಣೆಯ ಎದುರು, ಮನೆಗಳ ಸಂಖ್ಯೆ ಎಂಬಲ್ಲಿ, ಸೊನ್ನೆ ಇತ್ತು. ತೆಗೆದುಹಾಕಲಾಗಿದೆ ಎಂದು ಪರದೆಯ ಮೇಲೆ ಒಂದು ಸಾಲು ಬಂತು. ಪಾಪ, ಸುಸ್ತಾಗಿ ತಪ್ಪು ಟೈಪ್ ಮಾಡಿದ್ದಾಳೆ ಎಂದುಕೊಂಡು ಅನಿರುದ್ಧ ಕಾಫಿ ಕುಡಿದ. ಹೇಳಿದರೆ ಬೇಜಾರು ಮಾಡಿಕೊಂಡಾಳು ಎಂದು ಹೇಳಲೂ ಇಲ್ಲ.

ಶುಕ್ರವಾರ ಮಧ್ಯಾಹ್ನವೇ ಯೂಲೆಸ್ ಬಿಟ್ಟು, ಆಸ್ಟಿನ್‌ನಲ್ಲಿ ಅವಳನ್ನು ಹತ್ತಿಸಿಕೊಂಡು, ಸಂಜೆಯ ಹೊತ್ತಿಗೆ ಹ್ಯೂಸ್ಟನ್ ಪಕ್ಕದ ಶುಗರ್ ಲ್ಯಾಂಡ್ ಸೇರಿದ. ಅಲ್ಲಿ ಅವನ ಸೋದರತ್ತೆ ವಾಣಿಶ್ರೀಯ ಮನೆ. ದಾರಿಯುದ್ದಕ್ಕೂ ಅಪೇಕ್ಷಾ “ನಕ್ಷೆ ತೋರಿಸೋ” ಎಂದು ಪೀಡಿಸಿದರೂ ಅವನು “ನಾಳೆ ಬೆಳಿಗ್ಗೆ, ಅತ್ತೆ ಮನೆ ದೊಡ್ಡ ಟೀವಿಯಲ್ಲಿ ನೋಡುವೆಯಂತೆ” ಎಂದು ಸತಾಯಿಸಿದ. ಉಡುಗೊರೆ ಕೊಡುವವನ ಗತ್ತು ಅವನ ಮುಖದ ಮೇಲೆ ಇತ್ತು.

ಮರುದಿನ ಬೆಳಿಗ್ಗೆ ಒಂಬತ್ತಕ್ಕೆ ಅತ್ತೆಯ ಹಿತ್ತಲು ಬಣ್ಣಬಣ್ಣವಾಗಿತ್ತು. ಹ್ಯೂಸ್ಟನ್ ಕಡೆಯ ಗಾಳಿ ಎಂದರೆ ಒದ್ದೆ ಗಾಳಿ. ಬೀರುವಿನಲ್ಲಿ ಮುಚ್ಚಿಟ್ಟದ್ದೆಲ್ಲ ಮುಗ್ಗುಲು ಹಿಡಿಯುತ್ತದೆ. ಅದಕ್ಕೆ ವಾಣಿಶ್ರೀ ವರ್ಷಕ್ಕೆ ಎರಡು ಸಲ, ಚಳಿ ಕಳೆದ ಮೇಲೊಮ್ಮೆ, ಮಳೆ ಕಳೆದ ಮೇಲೊಮ್ಮೆ, ಮನೆಯಲ್ಲಿದ್ದ ರೇಷ್ಮೆ ಸೀರೆಗಳನ್ನೆಲ್ಲ ಹೊರಗೆ ತೆಗೆದು ಎಳೆಬಿಸಿಲಿಗೆ ಹರಡುತ್ತಿದ್ದಳು. ಬೇಲಿಯ ಮೇಲೆ ಬಟ್ಟೆ ಹಾಕಬಾರದು ಎಂದು ಬಡಾವಣೆಯ ಮನೆಮಾಲೀಕರ ಸಂಘ, ಎಚ್‌ಓಎದವರು, ಎರಡು ಸಲ ಕಾಗದ ಕಳಿಸಿದ್ದರು. ಕಾಗದಗಳನ್ನೂ ಜೋಪಾನವಾಗಿ ಇಟ್ಟುಕೊಂಡಿದ್ದಳು, ಬೇಲಿಯ ಮೇಲೆ ಸೀರೆಯನ್ನೂ ಹಾಕುತ್ತಿದ್ದಳು. ಗಂಡ ಬದರಿನಾಥ ಈ ರಗಳೆಯೇ ಬೇಡವೆಂದು ಆ ಎರಡು ದಿನ ಬೆಳಿಗ್ಗೆಯೇ ಗಾಲ್ಫ್‌ಗೆ ಹೋಗಿಬಿಡುತ್ತಿದ್ದ.

ಸೀರೆಗಳ ಪಕ್ಕದಲ್ಲಿ ಒಂದು ಚಾಪೆ, ಚಾಪೆಯ ಮೇಲೆ ಏಳೆಂಟು ನೋಟ್‌ಬುಕ್ಕುಗಳು ಬಾಯಿ ಬಿಟ್ಟುಕೊಂಡು ಮಲಗಿದ್ದವು. ಅವು ಅತ್ತೆಯ ಅಮ್ಮನ, ಅಂದರೆ ಅನಿರುದ್ಧನ ಅಜ್ಜಿಯ, ಹಾಡಿನ ಪುಸ್ತಕಗಳು. ಆರತಿ ಹಾಡು, ಹಸೆಗೆ ಕರೆಯುವ ಹಾಡು, ತೊಟ್ಟಿಲ ಹಾಡು, ಎಲ್ಲ ಮೈಸೂರಿನ ಆ ಅಜ್ಜಿಯ ಕೈಬರಹದಲ್ಲಿ.

“ಇದನ್ನೆಲ್ಲ ಸ್ಕ್ಯಾನ್ ಮಾಡಿಸಿಬಿಡಬಹುದಲ್ಲ ಅತ್ತೆ?” ಎಂದ ಅನಿರುದ್ಧ, ಗೊಜ್ಜವಲಕ್ಕಿ ತಿನ್ನುತ್ತಾ. “ಯಾರು ಓದ್ತಾರೆ ಈಗ? ವರ್ಷಕ್ಕೆ ಎರಡು ಸಲ ಇಷ್ಟು ಕೆಲಸ.”

“ಓದೋರು ಬಂದಾಗ ಇರಬೇಕಲ್ಲೋ,” ಎಂದಳು ಅತ್ತೆ. ಸೊಂಟದಲ್ಲಿದ್ದ ಬಟ್ಟೆಯ ಗಂಟು ಬಿಚ್ಚಿ ಬಜೆ ಬೇರಿನ ತುಂಡುಗಳನ್ನು ಒಂದೊಂದು ಪುಸ್ತಕದ ನಡುವೆಯೂ ಇಟ್ಟಳು. “ಬಜೆ ಇದ್ರೆ ಹುಳ ಬರಲ್ಲ. ಕೊರಿಯಾದವರೂ ಇದನ್ನೇ ಇಡ್ತಿದ್ರಂತೆ. ಅಲ್ವೇನೇ ಅಪೇಕ್ಷಾ?”

“ಹೂಂ ಅತ್ತೆ, ಪುಡಿ ಮಾಡಿ ಪೆಟ್ಟಿಗೆಯೊಳಗೆ ಇಡ್ತಿದ್ರು,” ಎಂದು ಅಪೇಕ್ಷಾ ಒಳಗಿನಿಂದ ಕೂಗಿದಳು. ಅವಳು ಟೀವಿಯ ಮುಂದೆ ನಿಂತು ಭಾಷಣಕ್ಕೆ ಗಂಟಲು ಸರಿಮಾಡಿಕೊಳ್ಳುತ್ತಿದ್ದಳು. “ಬರ್ರಿ ಇಬ್ರೂ, ಒಂದು ಸಲ ಹೇಳಿಬಿಡ್ತೀನಿ.”

ಅತ್ತೆ ಸೋಫಾದ ಮೇಲೆ ಕಾಲು ಮಡಿಸಿ ಕೂತಳು. ಅನಿರುದ್ಧ ಲ್ಯಾಪ್‌ಟಾಪಿಗೆ ಕೇಬಲ್ ಸಿಕ್ಕಿಸಿ, ಮದುವೆಯಲ್ಲಿ ಅಂತರಪಟ ಸರಿಸುವವನ ಹಾಗೆ ಕೈ ಬೀಸಿ, ನಕ್ಷೆ ತೆರೆದ. ಚೆನ್ನಾಗಿಯೇ ಇತ್ತು ಅನ್ನಬೇಕು. ಬೆಟ್ಟಗಳು ಬೂದು ಬಣ್ಣ, ಸಮುದ್ರ ತಿಳಿನೀಲಿ, ನಡುವಿನ ರಾಜಧಾನಿಯಿಂದ ಹೊರಟ ಕೆಂಪು ದಾರಿಗಳು, ದಾರಿಯ ಮೇಲೆ ಮಣಿ ಪೋಣಿಸಿದಂತೆ ಠಾಣೆಗಳು. “ಅಬ್ಬಾ!” ಎಂದಳು ಅಪೇಕ್ಷಾ. ಅವಳ ಕಣ್ಣು ತುಂಬಿಬಂದದ್ದನ್ನು ಅವನು ನೋಡಿದ. ಅಷ್ಟು ಸಾಕಿತ್ತು ಅವನಿಗೆ.

“ಚೆನ್ನಾಗಿದೆ ಕಣೋ,” ಎಂದಳು ಅತ್ತೆ, ಕನ್ನಡಕ ಮೇಲೇರಿಸಿಕೊಂಡು. “ಅದ್ಯಾವುದಮ್ಮಾ ಇದರಲ್ಲಿ ಪುಸ್ತಕದ ದಾರಿ?”

“ಪುಸ್ತಕದ ದಾರಿ ಯಾವುದು?” ಎಂದು ಕೇಳಿದವನು ಅನಿರುದ್ಧ.

“ಅದೇ ಕಣೋ, ದೀಪಾವಳಿಗೆ ಬಂದಾಗ ಹೇಳಿದ್ಲಲ್ಲ. ಬೆಟ್ಟದ ತುದಿಲಿ ರಾಜರ ಪುಸ್ತಕದ ಉಗ್ರಾಣ. ಮೂರು ವರ್ಷಕ್ಕೊಂದು ಸಲ ರಾಜಧಾನಿಯಿಂದ ಅಧಿಕಾರಿ ಹೋಗಿ, ಪೆಟ್ಟಿಗೆ ತೆಗೆದು ಬಿಸಿಲಿಗೆ ಹಾಕಿ ಬರ್ತಿದ್ದ ಅಂತ. ನಾನೂ ಅದನ್ನೇ ತಾನೇ ಮಾಡೋದು ಅಂತ ಖುಷಿಯಾಗಿ ಕೇಳ್ಕೊಂಡಿದ್ದೆ.”

ಅಪೇಕ್ಷಾ ಬೆರಳಿಟ್ಟು ದಾರಿಗಳನ್ನು ಎಣಿಸಿದಳು. ಮತ್ತೊಮ್ಮೆ ಎಣಿಸಿದಳು. ಒಂಬತ್ತೇ ಇದ್ದವು. ಬೂದು ಬಣ್ಣದ ಬೆಟ್ಟಗಳ ಒಂದು ಕಡೆ ಖಾಲಿ ಬಿದ್ದಿತ್ತು.

ಅನಿರುದ್ಧ ಟೀವಿಯ ಹತ್ತಿರ ಹೋಗಿ ಆ ಖಾಲಿ ಜಾಗವನ್ನು ನೋಡಿದ. ಸೊನ್ನೆ ನೆನಪಾಯಿತು, ಕಾಫಿ ನೆನಪಾಯಿತು. “ಅದು... ಕೊನೇಲಿ ಮನೆಗಳು ಝೀರೋ ಅಂತಿತ್ತು. ತಪ್ಪು ಎಂಟ್ರಿ ಅಂದ್ಕೊಂಡೆ. ಕ್ಲೀನ್ ಮಾಡುವಾಗ ಹೋಗಿದೆ.”

“ಝೀರೋನೇ ಅದು,” ಎಂದಳು ಅಪೇಕ್ಷಾ, ಮೆಲ್ಲಗೆ. “ಯಾರೂ ಇರ್ತಿರಲಿಲ್ಲ ಅಲ್ಲಿ. ಕಾವಲಿಗೆ ಒಂದಿಷ್ಟು ಸನ್ಯಾಸಿಗಳು, ಪುಸ್ತಕದ ಪೆಟ್ಟಿಗೆಗಳು. ಅಷ್ಟೇ. ನನ್ನ ಅಧ್ಯಾಯ ಪೂರ್ತಿ ಅದೊಂದೇ ದಾರಿ ಮೇಲೆ ನಿಂತಿದೆ. ಬೆಟ್ಟದೊಳಗಿನ ಬೊಂಗ್‌ಹ್ವಾ ಅನ್ನೋ ಒಂದು ಸಣ್ಣ ಊರಿನ ದಾರಿಯನ್ನ ಹತ್ತು ಹೆದ್ದಾರಿಗಳಲ್ಲಿ ಯಾಕೆ ಸೇರಿಸಿದರು? ಆ ಪುಸ್ತಕಗಳಿಗೋಸ್ಕರ ಅನ್ನೋದೇ ನನ್ನ ವಾದ.”

ಅಪೇಕ್ಷಾಳಿಗೆ ಸಿಟ್ಟು ಬಂದರೆ ದನಿ ಏರುವುದಿಲ್ಲ. ಭಾಷೆ ಧಾರವಾಡಕ್ಕೆ ಹೋಗುತ್ತದೆ, ಗಂಡನಿಗೆ ಬಹುವಚನ ಸಿಗುತ್ತದೆ. ಮದುವೆಯಾದ ಮೇಲೆ ಅನಿರುದ್ಧನಿಗೆ ಬಹುವಚನ ಸಿಕ್ಕಿದ್ದು ಎರಡೇ ಸಲ. ಇದು ಮೂರನೆಯದು.

“ಮೂರು ವರ್ಷ ಆತ್ರಿ,” ಎಂದಳು. “ಅತ್ತೇರಿಗೆ ಒಂದ ಸರ್ತೆ ಹೇಳೀನಿ, ಅವ್ರಿಗೆ ನೆನಪೈತಿ. ನಿಮಗ ಪ್ರತಿ ಶನಿವಾರ ಹೇಳೀನಿ. ನಾ ಏನ್ ಓದಾಕತ್ತೀನಿ ಅನ್ನೋದ ನಿಮಗ ಗೊತ್ತಿಲ್ಲಲ್ರಿ? ಭಾಳ ಶ್ಯಾಣೇ ಮಂದಿ ನೀವು.”

ಇಂಥ ಹೊತ್ತಿನಲ್ಲಿ ಗಂಡಸರು ಹೇಳುವ ಮಾತುಗಳೆಲ್ಲ ಅನಿರುದ್ಧನ ಬಾಯಿಗೆ ಬಂದವು, ಕೆಲಸದ ಒತ್ತಡ, ಟ್ರಾಫಿಕ್ಕು, ಇತ್ಯಾದಿ. ಯಾವುದನ್ನೂ ಆಡದಷ್ಟು ಬುದ್ಧಿ ಪುಣ್ಯಕ್ಕೆ ಉಳಿದಿತ್ತು. ಅವನಿಗೆ ನಾಚಿಕೆಯಾಯಿತು, ನಿಜವಾದ ನಾಚಿಕೆ. ಸೊನ್ನೆಯನ್ನು ನೋಡಿದಾಗ ಒಂದು ಫೋನ್ ಮಾಡಿ ಕೇಳಬಹುದಿತ್ತು. ಅವಳು ತಪ್ಪು ಮಾಡಿರಬಹುದು ಎಂದು ಹೊಳೆದಷ್ಟು ಸುಲಭವಾಗಿ, ತನಗೆ ಗೊತ್ತಿಲ್ಲದ್ದು ಇರಬಹುದು ಎಂದು ಹೊಳೆದಿರಲಿಲ್ಲ.

“ಮೂಲ ಫೈಲ್?” ಎಂದು ಕೇಳಿದಳು ಅವಳು.

“ಯೂಲೆಸ್‌ನಲ್ಲಿ. ಮನೆ ಕಂಪ್ಯೂಟರ್‌ನಲ್ಲಿ. ಆಫ್ ಮಾಡಿ ಬಂದಿದೀನಿ. ಇಲ್ಲಿರೋದು ಕ್ಲೀನ್ ಆದ ಫೈಲ್ ಮಾತ್ರ.” ಬ್ಯಾಕಪ್ ಬಗ್ಗೆ ಕನ್ನಡ ಸಂಘದಲ್ಲಿ ಒಂದು ಗಂಟೆ ಉಪನ್ಯಾಸ ಕೊಟ್ಟಿದ್ದವನ ಮಾತು ಇದು.

ಹೊತ್ತು ಹತ್ತೂಕಾಲು. ಭಾಷಣ ಎರಡಕ್ಕೆ. ಅಪೇಕ್ಷಾ ತನ್ನ ಕೈಚೀಲದಿಂದ ನೋಟ್‌ಬುಕ್ ತೆಗೆದು ಮೇಜಿನ ಮೇಲಿಟ್ಟಳು. “ಇದ್ರಾಗ ಐತಿ. ಎರಡು ಪುಟ. ಹೊಸದಾಗಿ ಟೈಪ್ ಮಾಡಬೇಕು. ನನಗ ಸ್ಲೈಡ್ ತಿದ್ದೋದೈತಿ,” ಎಂದು ಊಟದ ಕೋಣೆಗೆ ಹೋಗಿ ಬೆನ್ನು ಮಾಡಿ ಕೂತಳು.

ಅನಿರುದ್ಧ ನೋಟ್‌ಬುಕ್ ತೆರೆದ. ಕೊರಿಯಾದ ಊರುಗಳ ಹೆಸರನ್ನೆಲ್ಲ ಅವಳು ಕನ್ನಡದಲ್ಲಿ ಬರೆದುಕೊಂಡಿದ್ದಳು. ಇಂಗ್ಲಿಷ್‌ನಲ್ಲಿ ಬರೆದರೆ ಒಂದೇ ಹೆಸರು ಮೂರು ಥರ ಆಗುತ್ತದೆ, ಕನ್ನಡದಲ್ಲಿ ಕೇಳಿಸಿದ ಹಾಗೆ ಬರೆಯಬಹುದು ಎಂಬುದು ಅವಳ ಅನುಭವ. ಗಂಡನಿಗೆ ಕನ್ನಡ ಓದಲು ಬರುತ್ತಿತ್ತು, ಆದರೆ ಬಸ್ಸಿನ ಬೋರ್ಡು ಓದುವಷ್ಟು. ಹೆಂಡತಿಯ ಕೂಡಿಸಿ ಬರೆದ ಅಕ್ಷರದ ಮುಂದೆ ಅವನು ಸ್ಕೂಲಿನ ಹುಡುಗನ ಹಾಗೆ ಬೆರಳಿಟ್ಟುಕೊಂಡು ತಡವರಿಸತೊಡಗಿದ.

“ಇಲ್ಲಿ ಕೊಡು,” ಎಂದು ಅತ್ತೆ ಪುಸ್ತಕ ಕಿತ್ತುಕೊಂಡಳು. “ನಾನು ಓದ್ತೀನಿ, ನೀನು ಕುಟ್ಟು. ಹೊರಗೆ ಕೂರೋಣ ನಡಿ, ಸೀರೆಗೆ ಕಾಗೆ ಬರುತ್ತೆ.”

ಹೀಗೆ ಶುಗರ್ ಲ್ಯಾಂಡ್‌ನ ಒಂದು ಹಿತ್ತಲಲ್ಲಿ, ರೇಷ್ಮೆ ಸೀರೆಗಳ ನಡುವೆ ಚಾಪೆ ಹಾಸಿಕೊಂಡು, ಮೈಸೂರಿನ ಹೆಂಗಸೊಬ್ಬಳು ಕೊರಿಯಾದ ಹೆದ್ದಾರಿ ಓದಲು ಕೂತಳು. ವಾಣಿಶ್ರೀ ಪ್ರತಿ ವಾರ ಭಜನೆ ನಡೆಸುವವಳು. ದಿನಸಿ ಪಟ್ಟಿ ಓದಿದರೂ ಅವಳ ಬಾಯಲ್ಲಿ ರಾಗವಾಗುತ್ತಿತ್ತು. “ಗ್ವಾಂಗ್‌ಜೂ...” ಎಂದು ಎಳೆದಳು, ಪಕ್ಕದ ಅಂಕಿಗಳನ್ನು ಓದಿದಳು. “ಇಚೊನ್... ಚುಂಗ್‌ಜೂ...” ಎರಡನೆಯ ಪುಟಕ್ಕೆ ಬರುವಷ್ಟರಲ್ಲಿ ಅದು ಪೂರ್ತಿ ಮಂಗಳಾರತಿಯ ಧಾಟಿಗೆ ಇಳಿದಿತ್ತು. ಒಂದೊಂದು ಠಾಣೆಗೂ ಅವಳು ಪ್ರಶ್ನೆ ಕೇಳುವಳು. ಇದು ಏರೋ ಇಳಿಜಾರೋ? ಇಲ್ಲಿ ಹೊಳೆ ದಾಟಬೇಕಾ? ಅನಿರುದ್ಧನಿಗೆ ಗೊತ್ತಿಲ್ಲ. ಊಟದ ಕೋಣೆಯ ಕಿಟಕಿಯಿಂದ ಉತ್ತರ ಬರುತ್ತಿತ್ತು, ಅತ್ತೆಯ ಹೆಸರಿಗೆ. “ಚುಂಗ್‌ಜು ಹತ್ರ ಹೊಳೆ ಐತ್ರಿ ಅತ್ತೆ. ದಾನ್ಯಾಂಗ್ ಆದ ಮೇಲೆ ದೊಡ್ಡ ಘಟ್ಟ, ಜುಂಗ್‌ನ್ಯೊಂಗ್ ಅಂತ. ಘಟ್ಟ ಇಳಿದರೆ ಪುಂಗಿ.”

ಅನಿರುದ್ಧ ಟೈಪ್ ಮಾಡುತ್ತಾ ಕೇಳಿದ. ಬಹುಶಃ ಮೊದಲ ಸಲ ಪೂರ್ತಿ ಕೇಳಿದ. ಲೇನ್ ಬದಲಿಸುವುದು ಇರಲಿಲ್ಲ, ಕೈಗೆ ಅವಳ ಅಕ್ಷರ, ಕಿವಿಗೆ ಅವಳ ದನಿ. ಘಟ್ಟದ ಹತ್ತಿರ ಹತ್ತಿರ ಬಂದ ಹಾಗೆ ಅವನಿಗೇ ಮುಂದೇನು ಎಂಬ ಕುತೂಹಲ ಹುಟ್ಟಿತು.

“ಅಲ್ಲಿಗೆ ಹೋದ ಅಧಿಕಾರಿ ಮೊದಲು ಏನು ಮಾಡ್ತಿದ್ದ?” ಎಂದು ಅವನೇ ಕಿಟಕಿಗೆ ಕೇಳಿದ.

ಒಳಗೆ ಕೀಬೋರ್ಡಿನ ಸದ್ದು ನಿಂತಿತು. “ನಾಲ್ಕು ಸಲ ನಮಸ್ಕಾರ ಮಾಡ್ತಿದ್ದ,” ಎಂದಿತು ಕಿಟಕಿ. “ಪುಸ್ತಕಕ್ಕ.”

“ನೋಡಿದ್ಯಾ?” ಎಂದಳು ಅತ್ತೆ. ತನ್ನ ಅಮ್ಮನ ಹಾಡಿನ ಪುಸ್ತಕಗಳ ಕಡೆ ಗಲ್ಲ ಎತ್ತಿ ತೋರಿಸಿದಳು. “ಸ್ಕ್ಯಾನ್ ಮಾಡಿಸಬೇಕಂತೆ ಇವನಿಗೆ.”

ಹನ್ನೆರಡಕ್ಕೆ ಹತ್ತು ನಿಮಿಷ ಇರುವಾಗ ಕೊನೆಯ ಸಾಲು ಬಂತು. ಬೆಟ್ಟದ ಉಗ್ರಾಣ, ಮನೆಗಳು ಸೊನ್ನೆ. ಅನಿರುದ್ಧ ಆ ಸೊನ್ನೆಯನ್ನು ತನ್ನ ಕೈಯಾರೆ ಒತ್ತಿದ. ಪ್ರೋಗ್ರಾಂ ತೆರೆದು, ಮನೆಯಿಲ್ಲದ ದಾರಿಯನ್ನು ಅಳಿಸುವ ನಿಯಮವನ್ನೇ ಅಳಿಸಿದ. ನಕ್ಷೆ ಮತ್ತೆ ಬಂದಾಗ ಖಾಲಿ ಬಿದ್ದಿದ್ದ ಬೆಟ್ಟಗಳ ನಡುವೆ ಹತ್ತನೆಯ ಕೆಂಪು ದಾರಿ ಏರಿ ಹೋಗಿ ನಿಂತಿತ್ತು. ಅಪೇಕ್ಷಾ ಬಂದು ನೋಡಿದಳು, ಒಂದು ಠಾಣೆಯ ಅಂಕಿ ತಿದ್ದಿಸಿದಳು, “ಸರಿ ಐತಿ” ಎಂದು ಸೀರೆ ಉಡಲು ಹೋದಳು. ಅತ್ತೆ ಬಿಸಿಲಿನಿಂದ ತೆಗೆದ ಬಿಸಿಬಿಸಿ ಇಳಕಲ್ ಸೀರೆಯೊಂದನ್ನು ಕೊಟ್ಟಿದ್ದಳು.

ಸಭಾಂಗಣದಲ್ಲಿ ಅರವತ್ತು ಜನರಿದ್ದರು. ಹೆಚ್ಚಿನವರು ಹ್ಯೂಸ್ಟನ್‌ನ ಕೊರಿಯನ್ ಹಿರಿಯರು, ಮುಂದಿನ ಸಾಲಿನಲ್ಲಿ ಕೈಕಟ್ಟಿ ಕೂತ ಪ್ರೊಫೆಸರ್ ಯೂನ್. ಅನಿರುದ್ಧ ಹಿಂದಿನ ಸಾಲಿನಲ್ಲಿ ಅತ್ತೆಯ ಪಕ್ಕ ಕೂತ. ಅಪೇಕ್ಷಾ ಗಡಿಗೆ ಹೋಗುವ ದಾರಿ, ಬಂದರಿಗೆ ಹೋಗುವ ದಾರಿ, ದಂಡಿನ ಠಾಣ್ಯಕ್ಕೆ ಹೋಗುವ ದಾರಿ ಎಲ್ಲ ತೋರಿಸಿ, ಕೊನೆಗೆ ಬೆಟ್ಟದ ದಾರಿಗೆ ಬಂದಳು. ಊರಿನ ಹೆಸರುಗಳನ್ನು ಅವಳು ಹೇಳುವಾಗ ಮುಂದಿದ್ದ ಒಬ್ಬ ಅಜ್ಜಿ ತಲೆದೂಗಿ ತಾನೂ ತುಟಿ ಅಲ್ಲಾಡಿಸಿದಳು. ಯಾವುದೋ ಒಂದು ಅವಳ ಊರಿರಬೇಕು.

ಪ್ರಶ್ನೆಗಳ ಹೊತ್ತಿಗೆ ಊರಾಚೆಯ ಕ್ಲಿಯರ್ ಲೇಕ್ ಬಡಾವಣೆಯಿಂದ ಬಂದಿದ್ದ ನಿವೃತ್ತ ಎಂಜಿನಿಯರ್ ಒಬ್ಬರು ಎದ್ದು ನಿಂತರು. ಸಭ್ಯರು. ಆದರೆ ಲೆಕ್ಕದ ಮನುಷ್ಯ ಎಂದು ನಿಂತ ಭಂಗಿಯಲ್ಲೇ ಗೊತ್ತಾಗುತ್ತಿತ್ತು. ಮೂರು ವರ್ಷಕ್ಕೊಮ್ಮೆ ಕೆಲವು ಪೆಟ್ಟಿಗೆ ತೆರೆಯುವುದಕ್ಕೆ ಇಷ್ಟು ಉದ್ದದ ದಾರಿ ಶುದ್ಧ ದಂಡವಲ್ಲವೇ, ಪುಸ್ತಕಗಳನ್ನು ರಾಜಧಾನಿಯಲ್ಲೇ ಇಟ್ಟುಕೊಂಡಿದ್ದರೆ ಆಗುತ್ತಿರಲಿಲ್ಲವೇ ಎಂದು ಕೇಳಿದರು.

ತನ್ನದೇ ಪ್ರೋಗ್ರಾಂ ಎದ್ದು ನಿಂತು ಮಾತಾಡಿದ ಹಾಗಾಯಿತು ಅನಿರುದ್ಧನಿಗೆ. ಅವನು ಕುರ್ಚಿಯಲ್ಲಿ ಕುಗ್ಗಿದ.

ಅಪೇಕ್ಷಾ ನಕ್ಕಳು. “ನಮ್ಮ ಮನೆಯಲ್ಲೂ ಒಬ್ಬರು ಇದನ್ನೇ ಕೇಳಿದರು,” ಎಂದಳು. ಹಿಂದಿನ ಸಾಲಿನ ಕಡೆ ನೋಡಲಿಲ್ಲ, ಅದೇ ಅವಳ ದೊಡ್ಡತನ. “ಮೊದಲು ರಾಜಧಾನಿಯಲ್ಲೂ ದೊಡ್ಡ ಊರುಗಳಲ್ಲೂ ನಾಲ್ಕು ಪ್ರತಿ ಇಟ್ಟಿದ್ದರು. ಸಾವಿರದ ಐನೂರ ತೊಂಬತ್ತೆರಡರ ಯುದ್ಧದಲ್ಲಿ ಮೂರು ಸುಟ್ಟುಹೋದವು. ನಾಲ್ಕನೆಯದನ್ನು ಊರಿನವರು ಹೊತ್ತುಕೊಂಡು ಹೋಗಿ ಬೆಟ್ಟದಲ್ಲಿ ಬಚ್ಚಿಟ್ಟರು, ಅದೊಂದೇ ಉಳಿಯಿತು. ಆಮೇಲೆ ಹೊಸ ಪ್ರತಿಗಳನ್ನು ಯಾರೂ ಹೋಗದ ಕಡೆಯೇ ಇಟ್ಟರು. ಹಾಗೆ ದೂರ ಇಟ್ಟ ಮೇಲೆ, ಹೋಗಿ ನೋಡಿಕೊಂಡು ಬರಲು ಒಂದು ದಾರಿ ಬೇಕಲ್ಲ? ದೂರ ಇಟ್ಟು ನೋಡದೆ ಬಿಟ್ಟರೆ ಅಲ್ಲೇ ಹುಳ ಹಿಡಿಯುತ್ತದೆ.”

ಎಂಜಿನಿಯರ್ ತಲೆಯಾಡಿಸಿ ಕೂತರು. ಅತ್ತೆ ಕಾರ್ಯಕ್ರಮ ಇನ್ನೂ ಮುಗಿದಿರದಿದ್ದರೂ ಚಪ್ಪಾಳೆ ಹೊಡೆದಳು, ಕೊರಿಯನ್ ಅಜ್ಜಿಯೂ ಸೇರಿಕೊಂಡಳು, ಅಲ್ಲಿಗೆ ಅದು ಮುಗಿಯಿತು ಎಂದೇ ಎಲ್ಲರೂ ತಿಳಿದರು. ಪ್ರೊಫೆಸರ್ ಯೂನ್ ವೇದಿಕೆಯ ಹತ್ತಿರ ಹೋಗಿ ಅಪೇಕ್ಷಾಳ ಎರಡೂ ಕೈ ಹಿಡಿದುಕೊಂಡು, ಇದು ಕೊನೆಯ ಅಧ್ಯಾಯ ಬೇಡ, ಇದನ್ನೇ ಮೊದಲನೆಯದು ಮಾಡು, ಮೇ ತಿಂಗಳಿಗೆ ಮುಗಿಸು ಎಂದರು. ಅಪೇಕ್ಷಾ ಅಲ್ಲೇ ಬಗ್ಗಿ ಅವರ ಕಾಲಿಗೆ ನಮಸ್ಕಾರ ಮಾಡಿಬಿಟ್ಟಳು. ಅವರು ಗಾಬರಿಯಾಗಿ ತಾವೂ ಬಗ್ಗಿದರು.

ಆ ಸಂಜೆ ಅತ್ತೆಯ ಮನೆಯಲ್ಲಿ ಶ್ಯಾವಿಗೆ ಪಾಯಸವಾಯಿತು. ಬದರಿನಾಥ ಮಾವ ಗಾಲ್ಫ್‌ನಿಂದ ಬಂದು, ಏನೂ ನಡೆದೇ ಇಲ್ಲವೆಂಬಂತೆ ಎರಡು ಬಟ್ಟಲು ತಿಂದ. ಅಪೇಕ್ಷಾ ಎಲ್ಲರ ಹತ್ತಿರವೂ ಮಾತಾಡಿದಳು, ನಕ್ಕಳು. ಅನಿರುದ್ಧನಿಗೆ “ಪಾಯಸ ಬಡಿಸ್ಲೇನ್ರಿ?” ಎಂದಳು. ಬಹುವಚನ ಇನ್ನೂ ಹೋಗಿರಲಿಲ್ಲ.

ಭಾನುವಾರ ತಿಂಡಿ ಮುಗಿಸಿ ಹೊರಟರು. ಅತ್ತೆ ಅಪೇಕ್ಷಾಳ ನೋಟ್‌ಬುಕ್ಕಿನೊಳಗೆ ಒಂದು ತುಂಡು ಬಜೆ ಇಟ್ಟು ಕಳಿಸಿದ್ದಳು, ಕಾರಿನ ತುಂಬ ಅದರ ಘಾಟು. ಕೊಲಂಬಸ್ ಎಂಬ ಊರು ದಾಟಿದ ಮೇಲೆ ರಸ್ತೆಯ ಎರಡೂ ಬದಿ ನೀಲಿ ಹೂ ಬಿಟ್ಟಿತ್ತು. ಅಪೇಕ್ಷಾ ಕಿಟಕಿಯ ಕಡೆ ಮುಖ ಮಾಡಿದ್ದಳು. ಪ್ರತಿ ಸಲ ಈ ಹೊತ್ತಿಗೆ ಅವಳು ಯಾವುದಾದರೂ ಠಾಣೆಯ ಕತೆ ಶುರುಮಾಡಿರುತ್ತಿದ್ದಳು. ಅವಳು ಸುಮ್ಮನಿದ್ದದ್ದು ಅವನಿಗೆ ಬೈಗುಳಕ್ಕಿಂತ ಹೆಚ್ಚು ನೋವು ಮಾಡಿತು.

ಆಸ್ಟಿನ್ ಇನ್ನು ಮುಕ್ಕಾಲು ಗಂಟೆ ಇದೆ ಎನ್ನುವಾಗ ಅವನು ಗಂಟಲು ಸರಿಮಾಡಿಕೊಂಡ. ಹಾಡು ಅವನಿಗೆ ಬರುವುದಿಲ್ಲ, ಬಾತ್‌ರೂಮಿನಲ್ಲೂ ಹಾಡಿದವನಲ್ಲ.

“ಗ್ವಾಂಗ್‌ಜೂ...” ಎಂದ, ಅತ್ತೆಯ ಮಂಗಳಾರತಿಯ ಧಾಟಿಯಲ್ಲೇ.

ಅಪೇಕ್ಷಾ ತಿರುಗಲಿಲ್ಲ.

“ಇಚೊನ್... ಚುಂಗ್‌ಜೂ... ಅಲ್ಲಿ ಹೊಳೆ ದಾಟಬೇಕು.” ನಡುವಿನ ಸಣ್ಣ ಠಾಣೆಗಳನ್ನೂ ಬಿಡದೆ, ಟೈಪ್ ಮಾಡಿದ ಬೆರಳುಗಳ ನೆನಪಿನಲ್ಲಿ ಒಂದೊಂದಾಗಿ ಹೇಳುತ್ತಾ ಹೋದ. ಬ್ಯಾಸ್ಟ್ರಪ್ ಊರು ಬಂತು, ಆಸ್ಟಿನ್ ಏರ್‌ಪೋರ್ಟಿನ ತಿರುವು ಬಂತು. ಹಿಂದಿನ ಟ್ರಕ್ಕಿನವನು ಹಾರ್ನ್ ಹೊಡೆದು ಮುಂದೆ ಹೋದ. ಲೇನ್ ಬದಲಿಸುವುದನ್ನು ಅನಿರುದ್ಧ ಮರೆತೇಬಿಟ್ಟಿದ್ದ.

“ಪುಂಗಿ... ಘಟ್ಟ ಹತ್ತಿ...”

“ಮೊದಲು ಘಟ್ಟ, ಆಮೇಲೆ ಪುಂಗಿ,” ಎಂದಳು ಅವಳು, ಕಿಟಕಿಗೆ.

“ಮೊದಲು ಘಟ್ಟ, ಆಮೇಲೆ ಪುಂಗಿ,” ಎಂದು ಅವನು ತಿದ್ದಿಕೊಂಡು ಹಾಡಿದ. “ಆಮೇಲೆ ಬೊಂಗ್‌ಹ್ವಾ. ಆಮೇಲೆ ಬೆಟ್ಟ.”

ಅಷ್ಟರಲ್ಲಿ ಅವಳ ಅಪಾರ್ಟ್‌ಮೆಂಟಿನ ಗೇಟು ಬಂದಿತ್ತು. ಅವನು ಕಾರು ನಿಲ್ಲಿಸಿದ. ಇಳಿಯುವ ಬದಲು ಅವಳು ಅವನ ಕಡೆ ತಿರುಗಿ ಕೂತಳು.

“ಆಮೇಲೆ?”

“ಆಮೇಲೆ ಊರಿಲ್ಲ. ಮನೆಗಳು ಸೊನ್ನೆ. ಮೂರು ವರ್ಷಕ್ಕೊಂದು ಸಲ ಒಬ್ಬ ಬರ್ತಾನೆ. ನಾಲ್ಕು ಸಲ ನಮಸ್ಕಾರ ಮಾಡ್ತಾನೆ. ಪೆಟ್ಟಿಗೆ ತೆಗೆದು ಒಂದೊಂದೇ ಪುಟ ಬಿಸಿಲಿಗೆ ತೋರಿಸ್ತಾನೆ. ಹುಳ ಹಿಡಿದಿದೆಯಾ ನೋಡ್ತಾನೆ.”

ಅಪೇಕ್ಷಾ ಅವನನ್ನೇ ನೋಡಿದಳು. ನಗು ತಡೆಯಲು ನೋಡಿದಳು, ಆಗಲಿಲ್ಲ, ಕಣ್ಣಲ್ಲಿ ನೀರೂ ಬಂತು.

“ಮೂರು ವರ್ಷಕ್ಕ, ಅಂತೂ ಬಂದಿ ನೋಡು,” ಎಂದಳು.

ಏಕವಚನ ವಾಪಸ್ಸು ಬಂದಿತ್ತು. ಅನಿರುದ್ಧ ಹಿಂದಿನ ಸೀಟಿನಿಂದ ಅವಳ ಚೀಲವನ್ನೂ ನೋಟ್‌ಬುಕ್ಕನ್ನೂ ಎತ್ತಿಕೊಂಡ. ಸಂಜೆಯೊಳಗೆ ಯೂಲೆಸ್ ಸೇರಬೇಕಾದರೆ ಈಗಲೇ ಹೊರಡಬೇಕಿತ್ತು, ವೇಕೋದಲ್ಲಿ ಟ್ರಾಫಿಕ್ ಆಗುವ ಹೊತ್ತು. ಅವನು ಕಾರು ಆಫ್ ಮಾಡಿ, ಅವಳ ಹಿಂದೆಯೇ ಮೆಟ್ಟಿಲು ಹತ್ತಿ, ಒಂಬತ್ತನೆಯ ದಾರಿ ಎಲ್ಲಿಗೆ ಹೋಗುತ್ತದೆ ಎಂದು ಕೇಳಿದ.